ಕನ್ನಡಕದ ಡಬ್ಬಿಯಲ್ಲಿ ಮೋಟಾರು

ಸಮುದ್ರವನ್ನು ಕಣ್ಣಾರೆ ಕಾಣದ, ಈಜು ಬಾರದ, ಬಕೆಟ್ಟಿನ ನೀರು ತುಸು ತಣ್ಣಗಿದ್ದರೂ ಹಿಂದೆ ಸರಿಯುವ ಮನುಷ್ಯರೊಬ್ಬರನ್ನು ಇಡೀ ಬೀದಿ ‘ಕ್ಯಾಪ್ಟನ್’ ಎಂದು ಕರೆಯುತ್ತಿತ್ತು. ಅವರಿಗೂ ಅದರಿಂದ ಬೇಸರವಿರಲಿಲ್ಲ. ವೃತ್ತಿಯಲ್ಲಿ ಅವರು ಕನ್ನಡಕದವರು. ಬೀದಿಯ ತಿರುವಿನಲ್ಲಿದ್ದ ಇಕ್ಕಟ್ಟಾದ ಅಂಗಡಿಯ ಹಿಂಗೋಣೆಯಲ್ಲಿ ಕುಳಿತು ಗಾಜು ಉಜ್ಜುವುದು, ಅಂಚು ತೀಡುವುದು, ಫ್ರೇಮಿಗೆ ಕೂರಿಸುವುದು, ಇದರಲ್ಲೇ ಅವರ ತಲೆ ನರೆತಿತ್ತು. ಆದರೆ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವರ ಮನಸ್ಸು ಎಲ್ಲೋ ನೀರಿನ ಮೇಲೆ ತೇಲುತ್ತಿರುತ್ತಿತ್ತು.

ಹಳೆಯ ಕಾಲದ ಪುಟ್ಟ ವಿದ್ಯುತ್ ಮೋಟಾರುಗಳನ್ನು ಕಲೆಹಾಕಿ, ಒಂದೊಂದಕ್ಕೂ ಒಪ್ಪುವಂಥ ಮರದ ದೋಣಿ ಮಾಡಿ, ಉದ್ಯಾನದ ಕೊಳದಲ್ಲಿ ಓಡಿಸುವುದು ಅವರ ಹವ್ಯಾಸ. ಅವರ ಹೆಂಡತಿ ಇದಕ್ಕೆ ಬೇರೆ ಹೆಸರಿಟ್ಟಿದ್ದರು. ಅದು ‘ಹುಚ್ಚು’ ಎಂಬುದಕ್ಕೆ ಬಹಳ ಹತ್ತಿರವಾಗಿತ್ತು. ಗುಜರಿ ಅಂಗಡಿಯ ರಾಶಿಯಲ್ಲಾಗಲಿ, ಯಾರದೋ ಮನೆಯ ಮುರಿದ ಆಟಿಕೆಯಲ್ಲಾಗಲಿ ಹಳೆಯ ಮೋಟಾರು ಕಂಡರೆ ಕ್ಯಾಪ್ಟನ್ ಅದನ್ನು ಕಿವಿಗೆ ಹಿಡಿದು ಬೆರಳಿನಿಂದ ಮೆಲ್ಲಗೆ ತಿರುಗಿಸುವರು. ಒಂದು ಗೊಣಗುವುದು, ಒಂದು ಗೊರಕೆ ಹೊಡೆಯುವುದು, ಇನ್ನೊಂದು ಗುಟ್ಟು ಹೇಳುವಂತೆ ಪಿಸುಗುಟ್ಟುವುದು. ತಂದ ಮೋಟಾರುಗಳನ್ನು ಮಖಮಲ್ಲಿನ ಒಳಪದರವುಳ್ಳ ಕನ್ನಡಕದ ಡಬ್ಬಿಗಳಲ್ಲಿ ಮಲಗಿಸುವರು. ಒಮ್ಮೆ ಬ್ಯಾಂಕಿನ ಗುಮಾಸ್ತರೊಬ್ಬರು ಅವಸರದಲ್ಲಿ ಬೇರೆ ಡಬ್ಬಿ ಒಯ್ದು, ಅರ್ಧ ದಾರಿಯಿಂದ ಮರಳಿ ಬಂದು, “ಏನ್ರೀ ಇದು, ಕಣ್ಣಿಗೆ ಗಾಳಿ ಹಾಕೋ ಫ್ಯಾನಾ?” ಎಂದು ಕೇಳಿದ್ದರು.

ಆ ಡಬ್ಬಿಗಳಲ್ಲೆಲ್ಲ ಹಿರಿದಾದುದು ಹಸಿರು ಬಣ್ಣದ ಮೋಟಾರಿನದು. ಅದನ್ನು ತಂದುಕೊಟ್ಟವಳು ಅವರ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಅವಳೇ ಸಾಕಿದಳು. ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನವರ ಮಾತನ್ನೆಲ್ಲ ಅಲ್ಲಿಂದಿಲ್ಲಿಗೆ ಜೋಡಿಸುವ ಕೆಲಸ ಅವಳದು. ಒಂದು ಸಂಜೆ ಮನೆಗೆ ಬರುವಾಗ ಹಳೆಯ ಸಾಮಾನಿನ ಸಂತೆಯಲ್ಲಿ ಆ ಮೋಟಾರನ್ನು ಕಂಡು, ಸೆರಗಿನಲ್ಲಿ ಸುತ್ತಿ ತಂದಳು. ತಮ್ಮ ದೋಣಿ ಮಾಡಿದ. ಕೊಳದ ಈ ದಡದಲ್ಲಿ ನಿಂತು ಅವನು ಚುಕ್ಕಾಣಿ ನೇರ ಮಾಡಿ ಬಿಡಬೇಕು, ಆ ದಡದಲ್ಲಿ ನಿಂತು ಅಕ್ಕ ಬಾಗಿ ಹಿಡಿಯಬೇಕು. ದೂರದಿಂದ ನಡೆಸುವ ಸಾಧನಗಳು ಆ ದೋಣಿಗಳಿಗಿರಲಿಲ್ಲ. ಅವಳು ಮದುವೆಯಾಗಿ ಬೇರೆ ಊರಿಗೆ ಹೋದಮೇಲೂ, ಚಳಿ ಕಳೆದು ಬಿಸಿಲು ಹದವಾದಾಗ ವರ್ಷಕ್ಕೊಮ್ಮೆ ಬಂದು ಆ ದಡದಲ್ಲಿ ನಿಲ್ಲುವುದನ್ನು ತಪ್ಪಿಸಿರಲಿಲ್ಲ.

ಈ ವರ್ಷ ಅವಳು ಬರುವ ಮೊದಲು ಹಸಿರು ಮೋಟಾರನ್ನು ಒರೆಸಿಡೋಣವೆಂದು ಕ್ಯಾಪ್ಟನ್ ಅದನ್ನು ಬಿಚ್ಚಿದರು. ಇಂಥ ಹಳೆಯ ಮೋಟಾರಿನ ಹೊಟ್ಟೆಯಲ್ಲಿ ಕುದುರೆಯ ಲಾಳದಂಥ ಅಯಸ್ಕಾಂತವೊಂದು ಇರುತ್ತದೆ. ಅದರ ಎರಡು ಕಾಲುಗಳ ನಡುವೆ ತಂತಿ ಸುತ್ತಿದ ಉರುಳೆ ತಿರುಗುತ್ತದೆ. ಉರುಳೆಯನ್ನು ಹೊರಕ್ಕೆಳೆಯುವಾಗ ಅಯಸ್ಕಾಂತದ ಎರಡೂ ಕಾಲುಗಳಿಗೆ ತಾಗುವಂತೆ ಕಬ್ಬಿಣದ ತುಂಡೊಂದನ್ನು ಇಡಲೇಬೇಕು. ಖಾಲಿ ಬಿಟ್ಟರೆ ಅದರ ಬಲ ಸೋರಿಹೋಗುತ್ತದೆ. ಉರುಳೆಯನ್ನು ಮತ್ತೆ ಹಾಕಿದರೂ ಹೋದ ಬಲ ಬಾರದು. ಕ್ಯಾಪ್ಟನ್ ಈ ಪಾಠವನ್ನು ಹೇಳದ ಜನರಿರಲಿಲ್ಲ.

ಉರುಳೆ ಕೈಗೆ ಬರುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅತ್ತಲಿಂದ ಅಕ್ಕ.

“ಈ ಭಾನುವಾರಾನೇ ಬರ್ತೀನಿ ಕಣೋ. ಮುಂದಕ್ಕೆ ಹಾಕೋದು ಬೇಡ.”

“ಯಾಕಕ್ಕ, ಇಷ್ಟು ಅವಸರ?”

“ಡಾಕ್ಟರು ನೋಡಿದ್ರು. ಕಣ್ಣಿನ ಹಿಂದಿನ ಪರದೆ ಸವೀತಾ ಇದೆಯಂತೆ. ಇನ್ನೊಂದಷ್ಟು ದಿನ ಕಾಣತ್ತೆ, ಆಮೇಲೆ ಅಷ್ಟೇ.”

“ಕನ್ನಡಕ ಬದಲಾಯಿಸಿದ್ರೆ? ನಾನೇ ಒಂದು...”

“ಗಾಜಲ್ಲಿ ಆಗೋ ಕೆಲಸ ಆಗಿದ್ರೆ ನಿನ್ನ ಬಿಟ್ಟು ಬೇರೆಯವರ ಹತ್ರ ಹೋಗ್ತಿದ್ನಾ? ನಿನ್ನಂಗಡಿ ಗಾಜೆಲ್ಲ ಒಂದರ ಮೇಲೊಂದು ಹಾಕ್ಕೊಂಡ್ರೂ ಆಗಲ್ವಂತೆ. ಮೂಗು ಎಳೀಬೇಡ್ವೋ, ಗಿರಾಕಿ ಬಂದಾರು. ಹಸಿರು ಮೋಟಾರಿನ ದೋಣಿ ಬಿಡು ನನಗೆ. ಈ ದಡದಿಂದ ಆ ದಡದವರೆಗೆ ಅದು ಬರೋದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು. ಸಾಕು.”

ಮಾತು ಮುಗಿದು ಬಹಳ ಹೊತ್ತಾದ ಮೇಲೂ ಕ್ಯಾಪ್ಟನ್ ಉರುಳೆಯನ್ನು ಮಡಿಲಲ್ಲಿಟ್ಟುಕೊಂಡು ಬೀದಿಯ ಕಡೆ ನೋಡುತ್ತ ಕುಳಿತಿದ್ದರು. ಆಮೇಲೆ ಯಾರದೋ ಕೈಗಳು ಮಾಡುತ್ತಿವೆಯೇನೋ ಎಂಬಂತೆ ಅದನ್ನು ಸ್ವಸ್ಥಾನಕ್ಕೆ ಸೇರಿಸಿ ತಿರುಪು ಬಿಗಿದರು. ಕಬ್ಬಿಣದ ತುಂಡು ಮೇಜಿನ ಅಂಚಿನಲ್ಲಿ ಇದ್ದಲ್ಲಿಯೇ ಇತ್ತು.

ಬ್ಯಾಟರಿ ಜೋಡಿಸಿದಾಗ ಮೋಟಾರು ಎಂದಿಗಿಂತ ಚುರುಕಾಗಿ ತಿರುಗಿತು. ಕ್ಯಾಪ್ಟನ್ ಹಿಗ್ಗಿದರು. ಅಯಸ್ಕಾಂತ ಬಡವಾದಾಗ ಮೋಟಾರು ಬರಿಗಾಳಿಯಲ್ಲಿ ಹೀಗೆಯೇ ಹಗುರಾಗಿ ಹಾರಾಡುತ್ತದೆ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮನೆಗೆ ಒಯ್ದು ದೋಣಿಗೆ ಕೂರಿಸಿ ಬಚ್ಚಲಿನ ತೊಟ್ಟಿಯಲ್ಲಿ ಬಿಟ್ಟರು. ನೀರಿನ ಹೊರೆ ಬಿದ್ದದ್ದೇ ತಡ, ಮೋಟಾರು ಏದುಸಿರು ಬಿಡತೊಡಗಿತು. ದೋಣಿ ತೊಟ್ಟಿಯ ಆ ಬದಿಗೆ ಹೋಗುವಷ್ಟರಲ್ಲಿ ಹೆಂಡತಿ ಬಟ್ಟೆ ಒಗೆದು ಮುಗಿಸಿದ್ದರು.

“ಯಾಕ್ರೀ ಮುಖ ಹಾಗೆ ಮಾಡ್ಕೊಂಡಿದೀರಿ? ಯಾರಾದ್ರೂ ನೋಡಿದ್ರೆ ಹಡಗು ಮುಳುಗ್ತೇನೋ ಅಂದ್ಕೋತಾರೆ.”

“ಮುಳುಗೇ ಹೋಯ್ತು ಕಣೇ,” ಎಂದರು ಕ್ಯಾಪ್ಟನ್. ಕಬ್ಬಿಣದ ತುಂಡು ಅಂಗಡಿಯ ಮೇಜಿನ ಅಂಚಿನಲ್ಲಿ ಕುಳಿತಿದ್ದುದು ಆಗ ಅವರ ಕಣ್ಣಿಗೆ ಕಟ್ಟಿತು.

ಹೆಂಡತಿಯ ತಮ್ಮನಿಗೆ ಫ್ಯಾನು, ರೇಡಿಯೋ ರಿಪೇರಿಯ ಅಂಗಡಿಯಿತ್ತು. ಸುದ್ದಿ ತಿಳಿದು ಆತ ಬಂದವನೇ ನಗು ತಡೆಯಲಾರದೆ ಹೋದ.

“ಭಾವ, ಊರಿಗೆಲ್ಲ ಪಾಠ ಹೇಳೋರು ನೀವು! ಮೊನ್ನೆ ನಾನು ಉರುಳೆ ಮುಟ್ಟಿದ್ದಕ್ಕೆ ಕೈ ಮೇಲೆ ಹೊಡೆದ್ರಲ್ಲ!”

“ಆಡ್ಕೊಳ್ಳೋದು ಆಮೇಲೆ ಆಡ್ಕೋ. ಈಗೇನು ಮಾಡೋದು, ಅದನ್ನ ಹೇಳು.”

“ಮತ್ತೆ ಬಲ ತುಂಬೋಕೆ ತಂತಿ ಸುತ್ತಿದ ದೊಡ್ಡ ಕಾಯಿಲ್ ಬೇಕು. ನನಗೆ ಗೊತ್ತಿರೋರ ಹತ್ರ ಇದೆ, ಆದ್ರೆ ಅವರು ಊರಿಂದ ಬರೋದು ಮುಂದಿನ ವಾರ.” ಆತ ಜೇಬಿನಿಂದ ಹೊಳೆಯುವ ಹೊಸ ಮೋಟಾರೊಂದನ್ನು ತೆಗೆದ. “ಸದ್ಯಕ್ಕೆ ಇದನ್ನ ಹಾಕಿ ಮುಚ್ಚಳ ಮುಚ್ಚಿಬಿಡಿ. ಬಾಣದ ಹಾಗೆ ಹೋಗತ್ತೆ. ಹೇಗೂ ನಿಮ್ಮಕ್ಕಂಗೆ ಕಣ್ಣು...”

ಕ್ಯಾಪ್ಟನ್ ಹೆಂಡತಿ ತಮ್ಮನ ಕಡೆ ಒಂದು ನೋಟ ಬೀರಿದರು. ಆತ ಉಳಿದದ್ದನ್ನು ನುಂಗಿಕೊಂಡ.

ಕ್ಯಾಪ್ಟನ್ ಹೊಸ ಮೋಟಾರನ್ನು ಹಾಕಿಯೂ ನೋಡಿದರು. ದೋಣಿ ತೊಟ್ಟಿಯ ಗೋಡೆಗೆ ಹೋಗಿ ಟಣ್ಣೆಂದು ಬಡಿಯಿತು. ಮೋಟಾರಿನ ದನಿ ಮಾತ್ರ ಕಿವಿಯ ಹತ್ತಿರ ಸೊಳ್ಳೆ ಸುಳಿದಂತಿತ್ತು. ಇಡೀ ಊರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದವಳು ಅಕ್ಕ. ಇದನ್ನು ಕೇಳಿ ಅವಳು ಏನೂ ಹೇಳದೆ ನಕ್ಕುಬಿಟ್ಟರೆ? ಅವಳು ಕೇಳಿದ್ದು ದೋಣಿಯನ್ನಲ್ಲ, ತಾನು ಸೆರಗಿನಲ್ಲಿ ತಂದದ್ದು ನೀರು ದಾಟುವುದನ್ನು. ಅವರು ಹೊಸದನ್ನು ಬಿಚ್ಚಿ ಭಾವಮೈದನ ಕೈಗಿತ್ತರು. ಹಸಿರು ಮೋಟಾರು ಮತ್ತೆ ದೋಣಿಯೊಳಗೆ ಹೋಯಿತು. ಅದು ಕೊಳದ ನಡುವೆ ನಿಂತುಹೋದರೆ ಅಕ್ಕನ ಕಣ್ಣಿನಲ್ಲಿ ಉಳಿಯುವುದು ನಿಂತ ದೋಣಿಯೇ ಎಂಬ ಅಳುಕು ಮಾತ್ರ ಅವರನ್ನು ಬಿಡಲಿಲ್ಲ.

ಭಾನುವಾರದ ಬೆಳಗು. ಕೊಳದ ಮೇಲೆ ತೆಳುವಾದ ಮಂಜು ಇನ್ನೂ ಕರಗಿರಲಿಲ್ಲ. ಮರಗಳು ನೀರಿನಲ್ಲಿ ತಲೆಕೆಳಗಾಗಿ ನಿಂತು ತೂಕಡಿಸುತ್ತಿದ್ದವು. ಆ ದಡದ ಕಲ್ಲಿನ ಮೇಲೆ ಅಕ್ಕ ನಿಂತಿದ್ದಳು, ಪಕ್ಕದಲ್ಲಿ ಭಾವಮೈದ.

“ನನ್ನ ತೋಳು ಬಿಡಪ್ಪ,” ಎಂದು ಅವಳು ಅವನಿಗೆ ಹೇಳುವುದು ನೀರಿನ ಮೇಲೆ ಹಾಯ್ದು ಇಲ್ಲಿಗೆ ಕೇಳಿಸಿತು. “ನಾನು ದೋಣಿ ಹಿಡಿಯೋಕೆ ಬಂದಿರೋದು, ನಿನ್ನನ್ನಲ್ಲ.”

ಕ್ಯಾಪ್ಟನ್ ಚುಕ್ಕಾಣಿ ನೇರ ಮಾಡಿ, ಗುಂಡಿ ಒತ್ತಿ, ಕೈ ತೆಗೆದರು. ದೋಣಿ ಹೊರಟಿತು. ಹೊರಟಿತೆನ್ನುವುದೂ ದೊಡ್ಡ ಮಾತು; ದಡವೇ ಹಿಂದೆ ಸರಿಯುತ್ತಿದೆಯೋ ಎಂಬಂತೆ ಅದು ಅಗಲತೊಡಗಿತು. ಅದರ ಹಿಂದೆ ನೊರೆಯಿಲ್ಲ, ಅಲೆಯಿಲ್ಲ, ರೇಷ್ಮೆಯ ಮೇಲೆ ಉಗುರೆಳೆದಂಥ ಒಂದು ಗೆರೆ ಮಾತ್ರ. ಬಾತುಕೋಳಿಯೊಂದು ಅದರ ಪಕ್ಕಕ್ಕೆ ಬಂದು, ತುಸು ಹೊತ್ತು ಜೊತೆಗೆ ತೇಲಿ, ಬೇಸರವಾಗಿ ಮುಂದೆ ಹೋಯಿತು. ದೋಣಿ ಮಂಜನ್ನು ಹೊಕ್ಕಿತು. ಹಸಿರು ಮೋಟಾರಿನ ಗುಂಯ್‌ಗುಡುವ ದನಿ ನಿದ್ದೆಯಲ್ಲಿ ಯಾರೋ ರಾಗ ಎಳೆದಂತೆ ಕೇಳುತ್ತಿತ್ತು. ನಡುಗೊಳದಲ್ಲಿ ಅದೂ ತೆಳುವಾಯಿತು. ದೋಣಿ ಯಾವ ಕ್ಷಣದಲ್ಲೂ ನಿಲ್ಲಬಹುದು.

ಆಗ ಅವರ ನೋಟ ದೋಣಿಯನ್ನು ಬಿಟ್ಟು ಅಕ್ಕನ ಕಡೆ ಹೋಯಿತು. ಬದುಕಿಡೀ ಜನ ಹೇಗೆ ನೋಡುತ್ತಾರೆಂಬುದನ್ನೇ ನೋಡುತ್ತ ಬಂದವರು ಅವರು. ಅಕ್ಕ ತಲೆಯನ್ನು ಒಂದಿಷ್ಟು ಓರೆಮಾಡಿ, ಕಣ್ಣಂಚಿನಿಂದ ನೋಡುತ್ತಿದ್ದಳು. ದೋಣಿ ತುಸು ಎಡಕ್ಕೆ ವಾಲಿತು. ಅವಳ ಮುಖವೂ ತುಸು ವಾಲಿತು. ದೋಣಿ ನೇರವಾಯಿತು; ಅವಳೂ ನೇರವಾದಳು. ನೂಲು ಕಟ್ಟಿ ತನ್ನೆಡೆಗೆ ಎಳೆದುಕೊಳ್ಳುತ್ತಿರುವಂತೆ ಅವಳು ಅದನ್ನು ಕಣ್ಣಿನಲ್ಲೇ ತರುತ್ತಿದ್ದಳು. ಕೊನೆಗೆ ಬಾಗಿ, ತಡಕಾಡದೆ, ಎರಡೂ ಕೈಯಿಂದ ದೋಣಿಯನ್ನು ಎತ್ತಿಕೊಂಡಳು.

ಕ್ಯಾಪ್ಟನ್ ಕೊಳವನ್ನು ಸುತ್ತಿ ಏದುತ್ತ ಬಂದಾಗ ಅವಳ ತೋಳೆಲ್ಲ ಒದ್ದೆಯಾಗಿತ್ತು.

“ಏನಾಯ್ತೋ ಇದಕ್ಕೆ? ದನಿಯೇನೋ ಅದರದ್ದೇ, ಆದ್ರೆ ನನ್ನ ಹಾಗೇ ಮುದಿಯಾಗಿದೆ.”

“ನನ್ನಿಂದಲೇ ಕಣಕ್ಕ. ಕಬ್ಬಿಣ ಇಡೋದು ಮರೆತೆ. ಬಲ ಹೋಯ್ತು.”

“ಒಳ್ಳೇದೇ ಆಯ್ತು.” ಅವಳು ದೋಣಿಯ ಬೆನ್ನು ಸವರಿದಳು. “ಹೋದ ವರ್ಷ, ಅದರ ಹಿಂದಿನ ವರ್ಷ, ಆ ಜೋರಿನಲ್ಲಿ ಇದು ಬಂದದ್ದೇ ನನಗೆ ಕಾಣಲಿಲ್ಲ. ಸದ್ದು ಕೇಳಿ ಕೈಯೊಡ್ಡಿದೆ. ನೀನು ಬೇಜಾರು ಮಾಡ್ಕೋತೀಯ ಅಂತ ಬಾಯಿ ಬಿಡಲಿಲ್ಲ. ಈ ಸಲ ಪೂರ್ತಿ ನೋಡಿದೆ. ಬಾತುಕೋಳಿ ಬಿಟ್ಟು ಹೋದದ್ದೂ ಕಾಣಿಸ್ತು.”

ಕ್ಯಾಪ್ಟನ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಗಿರಾಕಿಗಳಿಗೆ ಎಂದೂ ಹಾಗೆ ಒರೆಸಬೇಡಿ ಎನ್ನುತ್ತಿದ್ದರೂ.

“ಭಾವ, ಮುಂದಿನ ವಾರ ಕೊಡಿ,” ಎಂದ ಭಾವಮೈದ. “ಬಲ ತುಂಬಿಸ್ಕೊಂಡು ಬರ್ತೀನಿ. ಹೊಸದರ ಹಾಗಾಗತ್ತೆ.”

“ಬೇಡ ಕಣಯ್ಯ,” ಎಂದರು ಕ್ಯಾಪ್ಟನ್. “ಅಕ್ಕನ ಕಣ್ಣಿರೋವರೆಗೂ ಹೀಗೇ ಇರಲಿ.”

“ಮಾತಾಡ್ತಾ ನಿಂತ್ಕೋಬೇಡ್ವೋ,” ಎಂದಳು ಅಕ್ಕ, ದೋಣಿಯನ್ನು ತಮ್ಮನ ಕೈಗೆ ಕೊಡುತ್ತ. “ಬಿಸಿಲು ಏರಿದ್ರೆ ನೀರು ಕಣ್ಣಿಗೆ ಹೊಡೆಯತ್ತೆ. ಹೋಗು, ಆ ಕಡೆಯಿಂದ ಇನ್ನೊಂದ್ಸಲ ಬಿಡು.”

ಕ್ಯಾಪ್ಟನ್ ಹೊರಟರು. ದೋಣಿ ಅವರ ಕಂಕುಳಲ್ಲಿ ತೊಟ್ಟಿಕ್ಕುತ್ತಿತ್ತು. ಮಂಜು ಅರ್ಧ ಕರಗಿತ್ತು, ಅರ್ಧ ಉಳಿದಿತ್ತು.