ಹಿಡಿಕೆ ಸೊಟ್ಟಗಿದ್ದ ಕಪ್

ಅವರ ಕೋಟಿನ ಎಡ ಜೇಬಿನಿಂದ ಹಳದಿ ಬಟ್ಟೆಯ ತುದಿಯೊಂದು ಸದಾ ಹೊರಗೆ ಇಣುಕುತ್ತಿತ್ತು. ಮುಖ ಒರೆಸಿಕೊಳ್ಳಲು ಬಲ ಜೇಬಿನಲ್ಲಿ ಬೇರೆ ಕರವಸ್ತ್ರವಿತ್ತು. ಹಳದಿ ಬಟ್ಟೆ ಇದ್ದದ್ದು ಕಪ್ ಒರೆಸುವುದಕ್ಕೆ. ಬಹುಮಾನ ಪಡೆದ ಪ್ರತಿ ಮಗುವಿನ ಬೆರಳಿನ ಗುರುತನ್ನು ಅದರಿಂದ ಉಜ್ಜಿ ಅಳಿಸುತ್ತಿದ್ದರು. ಮುಂದಿನ ಮಗುವಿಗೂ ಅದೇ ಕಪ್ ಕೊಡಬೇಕಿತ್ತಲ್ಲ.

ಅವರು ಕಾರಟಗಿಯ ನಮ್ಮ ಹೈಸ್ಕೂಲಿನ ಹೆಡ್ ಮಾಸ್ತರರು. ಶಾಲೆಗಿದ್ದದ್ದು ಒಂದೇ ಕಪ್. ವರ್ಷದ ಕೊನೆಯ ಬಹುಮಾನ ವಿತರಣೆಯಲ್ಲಿ ಓಟಕ್ಕೂ ಅದೇ, ಭಾಷಣಕ್ಕೂ ಅದೇ, ಗಣಿತಕ್ಕೂ ಅದೇ. ಹೆಸರು ಕರೆದವರು ವೇದಿಕೆಯ ಎಡಗಡೆಯಿಂದ ಹತ್ತಬೇಕು, ಅತಿಥಿಯ ಕೈಯಿಂದ ಕಪ್ ತೆಗೆದುಕೊಂಡು ಫೋಟೋಗೆ ನಗಬೇಕು, ಬಲಗಡೆಯಿಂದ ಇಳಿಯಬೇಕು. ಇಳಿಯುವ ಮೆಟ್ಟಿಲ ಬಳಿ ಶಾಲೆಯ ಆಯಮ್ಮ ಎರಡೂ ಕೈ ಚಾಚಿ ನಿಂತಿರುತ್ತಿದ್ದಳು. ಪರದೆಯ ಹಿಂದಿನಿಂದ ಕಪ್ ಮತ್ತೆ ಹೆಡ್ ಮಾಸ್ತರರ ಕೈ ಸೇರುತ್ತಿತ್ತು, ಹಳದಿ ಬಟ್ಟೆ ಹೊರಗೆ ಬರುತ್ತಿತ್ತು.

"ಕಪ್ ಸಾಲೀದು, ಫೋಟೋ ನಿಮ್ಮದು" ಎಂದು ಬೆಳಗಿನ ಪ್ರಾರ್ಥನೆಯಲ್ಲೇ ಹೇಳಿಬಿಡುತ್ತಿದ್ದರು. ಫೋಟೋ ಕೂಡ ನಮ್ಮದಾಗಿರಲಿಲ್ಲ. ಅದು ಅವರ ಕೋಣೆಯ ಆಲ್ಬಮ್ಮಿಗೆ ಅಂಟುತ್ತಿತ್ತು. ಶಾಲೆ ನೋಡಲು ಬಂದ ಅಧಿಕಾರಿಗಳಿಗೆಲ್ಲ ಚಹಾದ ಜೊತೆ ಆ ಆಲ್ಬಮ್. ಪುಟಪುಟದಲ್ಲೂ ಮಗು ಬೇರೆ, ಕಪ್ಪಿನ ಸೊಟ್ಟ ಹಿಡಿಕೆ ಅದೇ. ಯಾರೂ ಗಮನಿಸಲಿಲ್ಲ, ಅಥವಾ ಗಮನಿಸಿದವರು ಚಹಾ ಕುಡಿದು ಎದ್ದರು.

ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ನಾನು ಮೊದಲಿಗಳಾದೆ. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ದಾದಿಯ, ಅಂದರೆ ತಂದೆಯ ತಾಯಿಯ ಮಾತು. ಹತ್ತು ಮುಗಿದ ಮೇಲೆ ಹುಡುಗಿ ಮನೆಯಲ್ಲಿರಲಿ ಎಂಬುದು ಅವಳ ತೀರ್ಮಾನ. ಗಂಗಾವತಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆಂದು ನಾನು ಅಳುತ್ತಿದ್ದೆ.

"ಭಾಳ ಶಾಣ್ಯಾಕಿ ಅಂತ ನೀನ ಹೇಳ್ಕೊಂತಿ. ಆ ಕಪ್ ತಂದು ನನ್ನ ಕೈಯಾಗ ಇಡು. ಆಮ್ಯಾಲೆ ಕಾಲೇಜಿನ ಮಾತು" ಎಂದಳು ದಾದಿ.

ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಕಪ್ ವಾಪಸು ಕೊಡಬೇಕೆಂದು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಇನ್ನೊಂದು ವಿಷಯ: ದಾದಿ ಇದನ್ನು ಹೇಳಿದ್ದು ನಮ್ಮ ಮನೆಯ ಉರ್ದುವಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ. ನೆನಪು ಅಲ್ಲಿಂದಲೇ ತನ್ನ ಕೈಚಳಕ ಶುರುಮಾಡಿರುತ್ತದೆ.

ಆ ವರ್ಷದ ಅತಿಥಿ ಅಕ್ಕಿ ಗಿರಣಿಯ ಒಬ್ಬ ಸಾಹುಕಾರರು. ಕಪ್ ತೆಗೆದುಕೊಂಡೆ, ನಕ್ಕೆ, ಇಳಿದೆ.

"ಕೊಡವಾ, ಮುಂದಿನವರಿಗೆ ಬೇಕು" ಎಂದಳು ಆಯಮ್ಮ.

ನಾನು ಕಪ್ಪನ್ನು ವೇಲಿನೊಳಗೆ ಅವಚಿಕೊಂಡು ನಿಂತುಬಿಟ್ಟೆ. ಮೇಲೆ ಉದ್ದ ಜಿಗಿತದ ಹುಡುಗ ಆಗಲೇ ಬಂದು ನಿಂತಿದ್ದ. ಸಾಹುಕಾರರ ಎರಡೂ ಕೈಗಳು ಬರೀ ಗಾಳಿಯನ್ನು ಹಿಡಿದಿದ್ದವು. ಹೆಡ್ ಮಾಸ್ತರರು ನಗು ಕದಲಿಸದೆ ಮೈಕಿನಲ್ಲಿ, "ಒಂದು ಸಣ್ಣ ತಾಂತ್ರಿಕ ಅಡಚಣೆ" ಎಂದರು. ಆ ಅಡಚಣೆ ನಾನು.

ಕೆಳಗಿಳಿದು ಬಂದರು. "ಏನವಾ ಇದು? ಕೊಡಿಲ್ಲಿ."

"ನಮ್ಮ ದಾದಿಗೆ ತೋರಿಸಿ, ನಾಳೆ ತಂದ್ಕೊಡ್ತೀನ್ರಿ ಸರ್."

"ನಿಮ್ಮ ದಾದೀನ್ನ ಆಫೀಸಿಗೆ ಕರ್ಕೊಂಡು ಬಾ. ಫೋಟೋ ತೋರಸ್ತೀನಿ."

"ಅವರಿಗೆ ಕಣ್ಣು ಕಾಣಂಗಿಲ್ರಿ."

"ಹಂಗಾದ್ರ ಕಪ್ ತಗೊಂಡು ಏನ್ ಮಾಡ್ತಾರ?"

ಅವರ ಬುದ್ಧಿ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಪ್ ಕಿತ್ತುಕೊಂಡರು. ಹಾಗೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹೆದರಿ ನಾನೇ ಕೊಟ್ಟಿರಲೂಬಹುದು. ಬಾಯಿಂದ ಹಬೆ ಊದಿ, ಹಳದಿ ಬಟ್ಟೆಯಿಂದ ನನ್ನ ಬೆರಳಿನ ಗುರುತನ್ನು ನನ್ನ ಕಣ್ಣೆದುರೇ ಉಜ್ಜಿದ್ದು ಮಾತ್ರ ಖಚಿತ.

ಮನೆಗೆ ಬಂದಾಗ ದಾದಿ ಎರಡೂ ಕೈ ಚಾಚಿದಳು. ನಾನು ಅಡುಗೆಮನೆಯ ಹಿತ್ತಾಳೆ ತಂಬಿಗೆಯನ್ನು ಅವಳ ಕೈಗಿಟ್ಟೆ. ಅವಳು ಅಂಚಿನ ಮೇಲೆ ಬೆರಳಾಡಿಸಿದಳು.

"ಇದು ನಮ್ಮ ತಂಬಿಗಿ. ನಾ ಲಗ್ನಾಗಿ ಬಂದಾಗಿಂದ ಇದರಾಗ ನೀರು ಕುಡಿಯಾಕ ಹತ್ತೀನಿ. ಯಾರಿಗೆ ಮೋಸ ಮಾಡ್ತಿ, ಬೇಟಿ?"

ಎಲ್ಲ ಹೇಳಿದೆ. ಅವಳು ನಗತೊಡಗಿದಳು.

"ಒಂದ ಕಪ್ ಇಟ್ಕೊಂಡು ಇಡೀ ಸಾಲಿ ನಡಸ್ತಾನ? ಅವನ ಕಡೆ ಕಲ್ತಷ್ಟಕ್ಕ ಓದು ನಿಲ್ಲಿಸಿದ್ರ ನೀನೂ ಅವನಂಗ ಆಗ್ತಿ. ಗಂಗಾವತಿಗೆ ಹೋಗು."

ಅದೇ ಸಂಜೆ ಹೇಳಿದಳೋ, ಫಲಿತಾಂಶ ಬಂದ ಮೇಲೆ ಹೇಳಿದಳೋ, ಖಾತ್ರಿಯಿಲ್ಲ. ಕಥೆ ಚೆನ್ನಾಗಿ ಕೂಡಲಿ ಎಂದು ನಾನೇ ಎರಡನ್ನೂ ಪಕ್ಕಪಕ್ಕ ಇಟ್ಟಿರಬಹುದು. ಕಾಲೇಜಿಗೆ ಹೋದದ್ದಂತೂ ನಿಜ. ಅದಕ್ಕೆ ನಾನು ಋಣಿ, ಹೆಡ್ ಮಾಸ್ತರರಿಗಲ್ಲ, ಅವರ ಸಣ್ಣತನಕ್ಕೆ.

ಹೋದ ವರ್ಷ ಅವರು ತೀರಿಕೊಂಡರು. ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ, ದುಃಖಕ್ಕಲ್ಲ, ಜನ ಎಷ್ಟು ಸುಳ್ಳು ಹೇಳುತ್ತಾರೆ ಎಂದು ಕೇಳಲಿಕ್ಕೆ. ಸಾಕಷ್ಟು ಹೇಳಿದರು. ನಡುವೆ ಒಬ್ಬರು ಎದ್ದು, ಗಣಿತದಲ್ಲಿ ಹಿಂದುಳಿದವರಿಗೆ ಸರ್ ಬೆಳಗಿನ ಆರಕ್ಕೇ ಬಂದು ಪಾಠ ಹೇಳುತ್ತಿದ್ದರು ಎಂದರು. ನನಗದು ನೆನಪಿಲ್ಲ. ಗಣಿತಕ್ಕೆ ಮೊದಲು ಬಂದವಳಿಗೆ ಆ ಹೊತ್ತಿನಲ್ಲಿ ಅಲ್ಲೇನು ಕೆಲಸ ಎಂದು ಸಮಾಧಾನ ಮಾಡಿಕೊಂಡೆ. ಪೂರ್ತಿ ಆಗಲಿಲ್ಲ.

ಹಾರ ಹಾಕಿದ ಅವರ ಭಾವಚಿತ್ರದ ಪಕ್ಕ ಮೇಜಿನ ಮೇಲೆ ಅದೇ ಕಪ್. ಹಳೆಯ ವಿದ್ಯಾರ್ಥಿಗಳು ಸಾಲುಗಟ್ಟಿ, ಒಬ್ಬೊಬ್ಬರಾಗಿ ಅದನ್ನು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಸರದಿ ಬಂತು. ಎತ್ತಿದೆ. ಕೈ ತಾನಾಗಿ ಮೇಲೆ ಹಾರಿತು, ಅಷ್ಟು ಹಗುರ. ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್. ನನ್ನ ನೆನಪಿನಲ್ಲಿ ಅದು ನಮ್ಮ ತಂಬಿಗೆಗಿಂತ ಭಾರವಾಗಿತ್ತು. ಅಂದು ಅವರು ಉದಾರಿಯಾಗಿ ಕೊಟ್ಟು, ನಾನು ಇದನ್ನು ದಾದಿಯ ಕೈಗೆ ಇಟ್ಟಿದ್ದರೆ, ಅವಳು ಒಮ್ಮೆ ತೂಗಿ ನೋಡಿ ಪಕ್ಕಕ್ಕಿಡುತ್ತಿದ್ದಳು. ನನ್ನ ಕಾಲೇಜು ಅಲ್ಲಿಗೇ ಮುಗಿಯುತ್ತಿತ್ತು.

"ಕೊಡವಾ, ಮುಂದಿನವರಿಗೆ ಬೇಕು."

ತಲೆ ಪೂರ್ತಿ ಬೆಳ್ಳಗಾಗಿದ್ದ ಆಯಮ್ಮ ಎರಡೂ ಕೈ ಚಾಚಿ ನಿಂತಿದ್ದಳು. ಕೊಟ್ಟೆ. ನನ್ನ ಬೆರಳಿನ ಗುರುತಿನ ಸಮೇತ ಕಪ್ ಮುಂದಿನವರ ಕೈಗೆ ಹೋಯಿತು. ಉಜ್ಜುವವರು ಯಾರೂ ಇರಲಿಲ್ಲ.