ಕಿಟಕಿಯಿಂದ ಎಸೆದ ಟವೆಲು

ಮೊನ್ನೆ ಯರಗಟ್ಟಿಯ ಬಸ್ ನಿಲ್ದಾಣದ ಎದುರು ಪಂಚರ್ ಅಂಟಿಸುವ ರಬ್ಬರ್ ಸೊಲ್ಯೂಷನ್ ವಾಸನೆ ಮೂಗಿಗೆ ಬಡಿಯಿತು. ನನ್ನ ಪಾದದ ಮೂಳೆ ಮುರಿದು, ಪ್ಲಾಸ್ಟರ್ ತೆಗೆಸಿ ಎಂಟು ದಿನವಾಗಿತ್ತು. ಊರುಗೋಲಿನ ತುದಿಯ ರಬ್ಬರ್ ಸವೆದು ನೆಲ ಹಿಡಿಯುತ್ತಿರಲಿಲ್ಲ. ರಾಮದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಂಚರ್ ಅಂಗಡಿಯವನು ಹಳೆಯ ಟಯರಿನ ತುಂಡು ಕತ್ತರಿಸಿ ತುದಿಗೆ ಅಂಟಿಸುತ್ತಿದ್ದಾಗ, ಮೂವತ್ತು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಕುಳಿತಿರುತ್ತಿದ್ದ ಪಂಚರ್ ಕಾಕಾ ನೆನಪಾದ.

ಆಗ ನಾನು ಯರಗಟ್ಟಿಯಿಂದ ದಿನಾ ಹೋಗಿಬರುತ್ತ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಬೈಕಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿದ್ದರು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡ್ರಿಸುವುದಿಲ್ಲ ಎಂದು ವಿಭಾಗದಲ್ಲಿ ಹೇಳಿದ್ದರು; ಇನ್ನೊಮ್ಮೆ ಬಿದ್ದರೆ ಕಾಲು ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು. ಎರಡರ ನಡುವೆ ಇದ್ದದ್ದು ಬೆಳಗಿನ ಧಾರವಾಡ ಬಸ್ಸು. ಅದು ಒಳಗೆ ಬರುತ್ತಲೇ ಜನ ಓಡಿ, ಕಿಟಕಿಯಿಂದ ಟವೆಲು, ಚೀಲ ಎಸೆದು ಸೀಟು ಹಿಡಿಯುತ್ತಿದ್ದರು. ಮೊದಲ ದಿನ ನಾನೂ ಊರುಗೋಲು ಊರುತ್ತ ಆ ಗುಂಪಿನಲ್ಲಿ ನುಗ್ಗಿದೆ. ಯಾರದೋ ಚೀಲ ತಗುಲಿ ಬೀಳುವವನಿದ್ದೆ. ಕಾಕಾ ಕರೆದು ತನ್ನ ಅಂಗಡಿಯ ಕಟ್ಟೆಯ ಮೇಲೆ ಕೂಡ್ರಿಸಿದ.

"ಬಸ್ಸಿನ ಬೆನ್ನ ಹತ್ತಬ್ಯಾಡೋ ತಮ್ಮಾ. ಅದು ಎಲ್ಲಿ ಬಂದು ನಿಂದರತೈತಿ, ಅಲ್ಲಿ ನೀ ಮೊದಲ ಹೋಗಿ ನಿಂದರು. ಹತ್ತುವಾಗ ಗಟ್ಟಿ ಕಾಲು ಮುಂದ, ಇಳಿಯುವಾಗ ಬ್ಯಾನಿ ಕಾಲು ಮುಂದ. ಇಷ್ಟನೂ ಕಲಿಸೂದಿಲ್ಲೇನು ನಿಮ್ಮ ಯುನಿವರ್ಸಿಟಿಯೊಳಗ?"

ಮರುದಿನದಿಂದ ಆತನೇ ತನ್ನ ಟವೆಲು ಎಸೆದು ನನಗೆ ಸೀಟು ಹಿಡಿದ. ಬಸ್ಸಿನ ಪಕ್ಕ ಓಡುತ್ತ, ಅಡ್ಡ ಬಂದವರನ್ನು ಬಯ್ಯುತ್ತ... ಸೊಲ್ಯೂಷನ್ ವಾಸನೆಯ ಆ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ ಸಂಜೆ ಮರಳಿಸುತ್ತಿದ್ದೆ. ಎರಡು ತಿಂಗಳು ಹೀಗೆ ನಡೆಯಿತು. ಒಮ್ಮೆಯೂ ಬೀಳಲಿಲ್ಲ, ಪರೀಕ್ಷೆಗೂ ಕುಳಿತೆ.

ಮೊನ್ನೆ ಆ ಅಂಗಡಿಯ ಮುಂದಿನಿಂದಲೇ ಇದನ್ನೆಲ್ಲ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅಣ್ಣ ನಕ್ಕ.

"ಕಾಕಾ ಎಲ್ಲಿ ಓಡ್ತಿದ್ನೋ? ಅವನ ಒಂದು ಕಾಲು ಗಿಡ್ಡ ಇತ್ತಲ್ಲ. ಎರಡು ತಿಂಗಳು ಅವನ ಕಟ್ಟಿ ಮ್ಯಾಲ ಕುಂತಿ, ಇಷ್ಟೂ ನೋಡ್ಲಿಲ್ಲೇನು?"

ಅಣ್ಣ ಬೇರೆ ಯಾರನ್ನೋ ನೆನೆಸಿಕೊಂಡಿರಬೇಕು ಎಂದುಕೊಂಡೆ. ಆಮೇಲೆ ಅನುಮಾನ ನನ್ನ ಮೇಲೇ ತಿರುಗಿತು. ಕಾಕಾನ ಕೈಗಳು ನೆನಪಿವೆ: ನೀರಿನ ಬೋಗುಣಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕುವ ಕಪ್ಪು ಬೆರಳುಗಳು. ಟವೆಲು ಕಿಟಕಿಯೊಳಗೆ ಹಾರುವುದು ಕಾಣುತ್ತದೆ. ಕಾಲುಗಳು ಮಾತ್ರ ಕಾಣುವುದಿಲ್ಲ. ಆತ ಓಡಿದ್ದನ್ನು ನಾನು ನೋಡಿದ್ದೆನೋ, ಓಡದೆ ಸೀಟು ಸಿಗದೆಂದು ಈಗ ನೆನಪಿನಲ್ಲಿ ನಾನೇ ಓಡಿಸುತ್ತಿದ್ದೇನೋ? ಬಸ್ಸು ನಿಲ್ಲುವ ಜಾಗಕ್ಕೆ ಮೊದಲೇ ಹೋಗಿ ನಿಂತಿರುತ್ತಿದ್ದನೋ? ಹಾಗಿದ್ದರೆ ನನಗೆ ಹೇಳಿಕೊಟ್ಟದ್ದೆಲ್ಲ ಆತನ ಕಾಲು ಆತನಿಗೆ ಕಲಿಸಿದ್ದೇ... ಆದರೆ ಇದೂ ಅಣ್ಣನ ಮಾತು ಕೇಳಿದ ಮೇಲೆ ನಾನು ಜೋಡಿಸಿಕೊಂಡದ್ದು. ಸಾಕ್ಷಿ ಎಲ್ಲಿದೆ?

ಅಂಗಡಿಯವನನ್ನು ಕೇಳಿದೆ. ನಡುವಯಸ್ಸಿನ ಮನುಷ್ಯ. ಕಾಕಾ ತೀರಿಕೊಂಡು ಬಹಳ ವರ್ಷವಾಯಿತು, ಕೊನೆಗಾಲದಲ್ಲಿ ಅಂಗಡಿಯನ್ನು ತನಗೆ ವಹಿಸಿಕೊಟ್ಟ ಎಂದ. ನನಗೆ ಅದೂ ಗೊತ್ತಿರಲಿಲ್ಲ. ಕಾಲಿನ ಬಗ್ಗೆ ಕೇಳಿದಾಗ ಕೆಲಸ ನಿಲ್ಲಿಸಿ ಯೋಚಿಸಿದ.

"ನಾ ಬಂದಾಗ ಕುಂತ ಕುಂತ ಕೆಲಸ ಮಾಡ್ತಿದ್ರು. ನಡದದ್ದು ನಾ ಕಂಡಿಲ್ರಿ."

ಬಸ್ಸು ಬಂತು. ಜನ ಓಡಿದರು. ನಾನು ಲೆಕ್ಕ ಹಾಕಿ ಮೊದಲೇ ಹೋಗಿ ನಿಂತಿದ್ದೆ. ಬಾಗಿಲು ನನ್ನನ್ನು ದಾಟಿ ನಾಲ್ಕು ಹೆಜ್ಜೆ ಮುಂದೆ ನಿಂತಿತು. ನುಗ್ಗಾಟ ಮುಗಿಯಲೆಂದು ಕಾದು, ಗಟ್ಟಿ ಕಾಲು ಮುಂದಿಟ್ಟು ಹತ್ತಿದೆ. ರಾಮದುರ್ಗದಲ್ಲಿ ಇಳಿಯುವಾಗ ಕಂಬಿ ಹಿಡಿದು ಊರುಗೋಲನ್ನು ಕೆಳಗೆ ಊರಿದೆ. ನೋಯುವ ಕಾಲು ತಾನಾಗಿಯೇ ಮುಂದೆ ಹೋಯಿತು. ಅದಕ್ಕೆ ಯಾವ ಗೊಂದಲವೂ ಇರಲಿಲ್ಲ.

ಎರಡು ತಿಂಗಳು ದಿನವೂ ಆ ಮನುಷ್ಯ ಅಂಗಡಿಯಿಂದ ಎದ್ದು ಬಸ್ಸಿನ ತನಕ ನನ್ನ ಮುಂದೆಯೇ ನಡೆದಿದ್ದ. ನಾನು ನನ್ನ ಕಾಲನ್ನಷ್ಟೇ ನೋಡಿಕೊಂಡಿದ್ದೆ.