ವಿಮಲಾ ಮಿಸ್ ಅವರ ಗ್ರೂಪು

ವಾಯ್ಸ್ ಮೆಸೇಜ್ ಕಳಿಸುವಾಗಲೂ ವಿಮಲಾ ಮಿಸ್ ಮೊದಲು ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ನಾನು ವಿಮಲಾ ಮಿಸ್ ಮಾತಾಡ್ತಾ ಇದೀನಿ" ಎನ್ನುತ್ತಿದ್ದರು. ಚಂದ್ರಾ ಲೇಔಟಿನ ನಮ್ಮ ಶಾಲೆಯಲ್ಲಿ ಅವರು ವಿಜ್ಞಾನದ ಮೇಡಂ. ನಾನು ಹೊಸದಾಗಿ ಸೇರಿದ್ದ ಗಣಿತದವಳು. ಒಂಬತ್ತನೇ ತರಗತಿಗೆ ವಾಟ್ಸಾಪ್ ಗ್ರೂಪು ಮಾಡಿದವರೂ ಅವರೇ. "ಕ್ಲಾಸಲ್ಲಿ ಬಾಯಿ ಬಿಡದೋರು ಅಲ್ಲಾದ್ರೂ ಕೇಳ್ಲಿ ಕಣೇ" ಎಂದಿದ್ದರು.

ಹಾಗೆ ಕೇಳಿದವಳು ರೇಣುಕಾ. ಅವಳ ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ತರಗತಿಯಲ್ಲಿ ಆ ಹುಡುಗಿಯ ದನಿಯನ್ನು ನಾವು ಕೇಳಿದ್ದೇ ಅಪರೂಪ. ಒಂದು ಸಂಜೆ ಅಪ್ಪನ ಫೋನಿನಿಂದ ಅವಳ ವಾಯ್ಸ್ ಮೆಸೇಜ್ ಬಂತು: "ಮಿಸ್, ರಾತ್ರಿ ಗಿಡಗೋಳೂ ಮಕ್ಕೋತಾವೇನ್ರಿ?" ಗಿಡಗಳೂ ಮಲಗುತ್ತವೆಯೇ ಎಂಬ ಆ ಪ್ರಶ್ನೆಯ ಕೆಳಗೆ ಸಾಲುಸಾಲಾಗಿ ನಗುವ ಮುಖಗಳು. ಒಬ್ಬನಂತೂ ಅವಳ ಮಾತನ್ನೇ ಅಣಕಿಸಿ ಕಳಿಸಿದ. ಮಿಸ್ ಏನೂ ಬರೆಯಲಿಲ್ಲ. ಮಾರನೇ ದಿನ ರೇಣುಕಾ ಶಾಲೆಗೆ ಬರಲಿಲ್ಲ. ಸಂಜೆ ಮಿಸ್ ನನ್ನನ್ನೂ ಕರೆದುಕೊಂಡು ಅವಳ ಶೆಡ್ಡಿಗೆ ಹೋದರು. "ನಾಳೆ ಬಾರಮ್ಮ. ನೀನು ಕೇಳಿದ್ದಕ್ಕೆ ಉತ್ತರ ಕೊಡ್ಬೇಕು ನಾನು" ಎಂದಷ್ಟೇ ಹೇಳಿದರು.

ಅವಳು ಬಂದಳು. ಮಿಸ್ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತರಗತಿಯತ್ತ ತಿರುಗಿದರು. "ಮೊನ್ನೆ ಗ್ರೂಪಲ್ಲಿ ನಕ್ರಲ್ಲ, ಈಗ ಇವಳ ಮುಖ ನೋಡ್ಕೊಂಡು ನಗಿ."

ಯಾರೂ ನಗಲಿಲ್ಲ. ಅಣಕಿಸಿದವನು ಬೆಂಚು ನೋಡುತ್ತ ಕುಳಿತಿದ್ದ.

"ಎದುರಿಗೆ ಮಾಡೋಕೆ ಆಗದೇ ಇರೋದನ್ನ ಫೋನಲ್ಲೂ ಮಾಡ್ಬೇಡಿ. ರೇಣುಕಾ, ಇನ್ನೊಂದ್ಸಲ ಕೇಳಮ್ಮ."

ಅವಳು ಕೇಳಿದಳು, ತನ್ನದೇ ಮಾತಿನಲ್ಲಿ. ಆ ಸಂಜೆ ಮಿಸ್ ಎಲ್ಲರನ್ನೂ ಗೇಟಿನಾಚೆಯ ಮಳೆಮರದ ಕೆಳಗೆ ಹೊತ್ತು ಇಳಿಯುವವರೆಗೆ ನಿಲ್ಲಿಸಿಕೊಂಡರು. ಎಲೆಗಳು ಮೆಲ್ಲಗೆ ಮಡಚಿಕೊಂಡವು. "ನೋಡ್ರಪ್ಪ, ಸರಿಯಾಗೇ ಕೇಳಿದ್ಲು" ಎಂದರು.

ನಿವೃತ್ತರಾದ ಮೇಲೆ ಮಿಸ್ ಮಲ್ಲತ್ತಹಳ್ಳಿ ಕೆರೆಯ ಬಳಿ ಒಮ್ಮೆ ಸಿಕ್ಕಿದ್ದರು. ಅದೇ ಕೊನೆಯ ಭೇಟಿ. ಹಳೆಯ ಮಕ್ಕಳು ಮೆಸೇಜ್ ಮಾಡುತ್ತಾರಾ ಎಂದು ಕೇಳಿದೆ. "ಗುಡ್ ಮಾರ್ನಿಂಗ್ ಬೇಕಾದಷ್ಟು ಬರುತ್ತೆ. ಎದುರಿಗೆ ನಿಂತು ತಪ್ಪು ಉತ್ತರ ಹೇಳೋರೇ ಇಲ್ಲ ಕಣೇ ಈಗ" ಎಂದು ನಕ್ಕರು.

ಅವರು ತೀರಿಕೊಂಡ ಸುದ್ದಿಯನ್ನು ಆ ಗ್ರೂಪಿಗೆ ಹಾಕಿದವಳು ನಾನೇ. ಕೈಮುಗಿದ ಚಿತ್ರಗಳು ಬರಬಹುದೆಂದು ಕಾದೆ, ಒಂದೂ ಬರಲಿಲ್ಲ. ಬೇಸರದಿಂದಲೇ ಅವರ ಮನೆಗೆ ಹೋದೆ. ಬೀದಿಯ ತಿರುವಿನವರೆಗೂ ಅವರು ಕಲಿಸಿದ ಮಕ್ಕಳು ನಿಂತಿದ್ದರು.